ಹೆಪ್ಪಿನ ಡಬ್ಬಿ

ನನ್ನ ಗೆಳೆಯ ಒಂದು ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವನು ಬಸ್ಸು ಬಂದಾಗ ಏಳಲಿಲ್ಲ. ಐವತ್ತನಾಲ್ಕು ವರ್ಷ. ತೊಡೆಯ ಮೇಲಿದ್ದ ಚೀಲ ಜಾರಿ ಕೆಳಗೆ ಬಿದ್ದಿತ್ತಂತೆ. ಪಕ್ಕದಲ್ಲಿದ್ದವರು ಅದನ್ನೆತ್ತಿ ಅವನ ಕೈಗೆ ಕೊಡಲು ಹೋದಾಗಲೇ ಗೊತ್ತಾಗಿದ್ದು. ಚೀಲದಲ್ಲಿ ರಿಪೇರಿಗೆ ಕೊಡಬೇಕಾಗಿದ್ದ ಅವನ ತಾಯಿಯ ಕನ್ನಡಕ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ನಗು ಬರುವ ಭಾಗವೂ ಇದೆ. ನಕ್ಕವರಿಗೆ ಆಮೇಲೆ ಮೋಸ ಹೋದೆವು ಅನ್ನಿಸಬಾರದು.

ನಾವಿಬ್ಬರೂ ಹತ್ತೊಂಬತ್ತು ವರ್ಷ ಒಂದೇ ಕಡೆ ಕೆಲಸ ಮಾಡಿದೆವು. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಕಾರ್ಯಾಗಾರ. ಆಸ್ಪತ್ರೆಯೊಂದರ ಹಿಂಬದಿಯಲ್ಲಿ, ಮೊದಲು ಬಟ್ಟೆ ಒಗೆಯುತ್ತಿದ್ದ ಕಟ್ಟಡದಲ್ಲಿದೆ. ಈಗಲೂ ಅಲ್ಲಿಯ ನೆಲ ಒಂದು ಮೂಲೆಗೆ ಇಳಿಜಾರು. ಕೈಯಿಂದ ಬಿದ್ದ ಸ್ಕ್ರೂಗಳೆಲ್ಲ ಉರುಳಿಕೊಂಡು ಹೋಗಿ ಆ ಮೂಲೆ ಸೇರುತ್ತವೆ. ನನ್ನದು ಅಚ್ಚು ತೆಗೆಯುವ ಕೆಲಸ. ಉಳಿದ ಕಾಲಿನ ತುದಿಗೆ ಒದ್ದೆ ಪ್ಲಾಸ್ಟರ್ ಬಟ್ಟೆ ಸುತ್ತಿ, ಗಟ್ಟಿಯಾದ ಮೇಲೆ ಬಿಡಿಸಿ, ಅದರೊಳಗೆ ಪ್ಲಾಸ್ಟರ್ ಹೊಯ್ದು, ಬಂದ ಆಕಾರವನ್ನು ಅರದಿಂದ ಉಜ್ಜಿ ತಿದ್ದುತ್ತೇನೆ. ಎಲ್ಲಿ ಎಲುಬು ಚುಚ್ಚುತ್ತದೆ, ಎಲ್ಲಿ ಮಾಂಸ ಭಾರ ತಾಳುತ್ತದೆ ಎಂದು ನೋಡಿ ನೋಡಿ ಉಜ್ಜಬೇಕು. ಕಾಲು ಕೂರುವ ಭಾಗಕ್ಕೆ ನಾವು ಬಟ್ಟಲು ಅನ್ನುತ್ತೇವೆ. ಬಟ್ಟಲು ಸರಿಯಿದ್ದರೆ ಮನುಷ್ಯ ನಡೆಯುತ್ತಾನೆ, ಒಂದು ಕೂದಲೆಳೆ ತಪ್ಪಿದರೂ ಹುಣ್ಣಾಗುತ್ತದೆ. ಒಬ್ಬರಿಗೆ ಸರಿಹೊಂದಲು ಅವರು ಐದಾರು ಸಲ ಬಂದುಹೋಗಬೇಕು, ಮೂರು ತಿಂಗಳು ಹಿಡಿಯುವುದೂ ಉಂಟು. ಸರಿಯಾದ ಮೇಲೆ ಆ ಆಕಾರವನ್ನು ಕಂಪ್ಯೂಟರಿಗೆ ಏರಿಸಿ, ಅಚ್ಚನ್ನು ಒಡೆದು ಹಾಕುತ್ತೇವೆ, ಇಟ್ಟುಕೊಳ್ಳಲು ಜಾಗವಿಲ್ಲ. ನಾಲ್ಕೈದು ವರ್ಷಕ್ಕೆ ಬಟ್ಟಲು ಸವೆದು ಬಿರುಕು ಬಿಟ್ಟಾಗ, ಕಂಪ್ಯೂಟರಿನಲ್ಲಿರುವ ಆಕಾರವನ್ನು ನೋಡಿಕೊಂಡು ಯಂತ್ರ ಹೊಸ ಅಚ್ಚು ಕೆತ್ತಿ ಕೊಡುತ್ತದೆ. ಮೂರು ತಿಂಗಳ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ.

ಹಾಗೆ ನಮ್ಮ ಕಂಪ್ಯೂಟರಿನಲ್ಲಿ ಸಾವಿರದ ನೂರಕ್ಕೂ ಹೆಚ್ಚು ಜನರ ಕಾಲುಗಳಿದ್ದವು. ಅವನ್ನು ಕಾಯುವುದು ಅವನ ಕೆಲಸ.

ಅವನು ಕಂಪ್ಯೂಟರ್ ಓದಿಕೊಂಡು ಬಂದವನಲ್ಲ. ಫೋಟೋ ಸ್ಟುಡಿಯೋ ಒಂದರ ಕತ್ತಲೆ ಕೋಣೆಯಲ್ಲಿ ಹನ್ನೊಂದು ವರ್ಷ ನೆಗೆಟಿವ್ ತೊಳೆದವನು. ಸ್ಟುಡಿಯೋ ಮುಚ್ಚಿದ ಮೇಲೆ ಸಂಜೆ ತರಗತಿಗೆ ಹೋಗಿ ಕಲಿತ. ಆಕಾರಗಳನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡುವ ವ್ಯವಸ್ಥೆಯನ್ನು ಅವನೇ ಹೂಡಿದ್ದು. ದಿನವೂ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಅದು ತಾನಾಗಿ ಶುರುವಾಗುತ್ತಿತ್ತು. ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ, ಯಂತ್ರಗಳು ಖಾಲಿ. ನಾವಿಬ್ಬರೂ ಅಲ್ಲೇ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಕಂಪ್ಯೂಟರಿನ ಹಸಿರು ದೀಪ ಮಿಣುಕುವುದನ್ನು ನೋಡಿ ಅವನು, "ಅದೂ ಊಟ ಮಾಡ್ತಿದೆ" ಅನ್ನುತ್ತಿದ್ದ. ಮುಗಿದ ಮೇಲೆ ಪರದೆಯ ಮೇಲೆ ಒಂದೇ ಪದ ಬರುತ್ತಿತ್ತು: ಯಶಸ್ವಿ.

ಮೊದಲ ವರ್ಷ ಅವನು ಆ ಪದವನ್ನು ನಂಬಿದ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಆಕಾರಗಳನ್ನು ಇಡುತ್ತಿದ್ದ ಕಡತಕ್ಕೆ ಯಾರೋ 'ಅಚು' ಎಂದು ಹೆಸರಿಟ್ಟಿದ್ದರು. ಮನೆತುಂಬ ಪುಸ್ತಕ ಪೇರಿಸಿಕೊಂಡಿರುವ ನನಗೆ ದಿನವೂ ಆ ಒತ್ತಿಲ್ಲದ ಚಕಾರ ಕಂಡು ಕಣ್ಣಿಗೆ ಕಸ ಬಿದ್ದ ಹಾಗಾಗುತ್ತಿತ್ತು. ಒಂದು ದಿನ ತಿದ್ದಿ 'ಅಚ್ಚು' ಮಾಡಿದೆ. ಯಾರಿಗೂ ಹೇಳಲಿಲ್ಲ, ಹೇಳುವಂಥ ವಿಷಯ ಅನ್ನಿಸಲಿಲ್ಲ. ಅಂದಿನಿಂದ ನಕಲು ಮಾಡುವ ವ್ಯವಸ್ಥೆ ದಿನವೂ ಒಂದು ಹತ್ತಕ್ಕೆ ಎದ್ದು 'ಅಚು' ಎಂಬುದನ್ನು ಹುಡುಕುತ್ತಿತ್ತು. ಅಂಥದ್ದು ಇರಲಿಲ್ಲ. ನಕಲಿಸಲು ಏನೂ ಇಲ್ಲದ್ದರಿಂದ ತಪ್ಪಾಗಲೂ ಏನೂ ಇರಲಿಲ್ಲ. ಹಾಗಾಗಿ ಏಳು ತಿಂಗಳು ದಿನ ತಪ್ಪದೆ 'ಯಶಸ್ವಿ' ಎಂದು ಬರೆಯಿತು. ಏಳು ತಿಂಗಳಾದ ಮೇಲೆ ಮುಖ್ಯ ಕಂಪ್ಯೂಟರ್ ಕೆಟ್ಟಿತು. ಹಳೆಯ ನಕಲುಗಳು ಇದ್ದವು. ಆ ಏಳು ತಿಂಗಳಲ್ಲಿ ಬಂದಿದ್ದ ನಲವತ್ತೆರಡು ಜನರ ಕಾಲುಗಳು ಎಲ್ಲಿಯೂ ಇರಲಿಲ್ಲ.

ಕಾರಣ ಹುಡುಕಲು ಅವನಿಗೆ ಅರ್ಧ ದಿನ ಸಾಕಾಯಿತು. ನನ್ನ ಮುಖ ನೋಡಿದ. "ಕಾಗುಣಿತ ಸರಿಯಾಗೇ ಇದೆ ಬಿಡು" ಅಂದ. ಸೂಪರಿಂಟೆಂಡೆಂಟ್ ಹತ್ತಿರ ಹೋಗಿ, ತಾನು ಪರೀಕ್ಷಿಸಿ ನೋಡಲಿಲ್ಲ, ತಪ್ಪು ತನ್ನದು ಎಂದು ಬರೆದುಕೊಟ್ಟ. ನಾನು ಹೇಳಲು ಹೊರಟರೆ, "ನೀನು ಹೆಸರು ತಿದ್ದಿದೆ ಅಷ್ಟೇ. ಖಾಲಿ ಪಾತ್ರೆ ಕಾದುಕೊಂಡು ಏಳು ತಿಂಗಳು ಕೂತೋನು ನಾನು" ಎಂದು ಬಾಯಿ ಮುಚ್ಚಿಸಿದ. ಆಮೇಲೆ ಸೈಕಲ್ ಹತ್ತಿ ನಲವತ್ತೆರಡು ಮನೆಗೂ ಹೋದ. ಎದುರು ನಿಂತು ಹೀಗಾಯಿತು ಎಂದು ಹೇಳಿ, ಮತ್ತೆ ಅಚ್ಚು ಕೊಡಲು ಬನ್ನಿ ಎಂದು ಕೇಳಿಕೊಂಡು, ಅವರಿಗೆ ಅನುಕೂಲವಾದ ದಿನ ಬರೆದುಕೊಂಡು ಬಂದ. ಹೋದ ಕಡೆಯಲ್ಲೆಲ್ಲ ಬೈಸಿಕೊಂಡ. ಎಲ್ಲರಿಗಿಂತ ಚೆನ್ನಾಗಿ ಬೈದವಳು ಒಬ್ಬ ಬಸ್ ಕಂಡಕ್ಟರ್. "ನನ್ನ ಕಾಲು ಒಂದ್ಸಲ ಬಸ್ಸಿನಡಿ ಹೋಯ್ತು, ಇನ್ನೊಂದ್ಸಲ ನಿಮ್ಮ ಕಂಪ್ಯೂಟರಿನೊಳಗೆ ಹೋಯ್ತು. ಇನ್ನೆಷ್ಟು ಸಲ ಕಳ್ಕೋಬೇಕ್ರೀ ಒಂದೇ ಕಾಲನ್ನ?" ಅಂದಳಂತೆ. ಅವನು ಅದನ್ನು ನನಗೆ ಹೇಳಿ ನಕ್ಕ. ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡ.

'ಹೆಪ್ಪು' ಎಂಬ ಮಾತು ಬಂದದ್ದು ಇದಾದ ಮೇಲೆ. ನಕಲುಗಳನ್ನು ಇನ್ನು ಮೇಲೆ ಹೇಗೆ ಕಾಯಬೇಕು ಎಂದು ಮೀಟಿಂಗು ಸೇರಿದ್ದೆವು. ಸೂಪರಿಂಟೆಂಡೆಂಟರಿಗೆ ಬೇಸರ ಬಂದಿತ್ತು.

"ಬ್ಯಾಕಪ್ಪು ಬ್ಯಾಕಪ್ಪು ಅಂತೀರಲ್ಲ, ಇದ್ದದ್ದನ್ನೇ ಇನ್ನೊಂದ್ಸಲ ಇಟ್ಕೊಳ್ಳೋಕೆ ಇಷ್ಟು ರಂಪ ಯಾಕ್ರೀ?"

"ಸರ್, ಮನೇಲಿ ಮೊಸರು ತಿಂತೀರಲ್ಲ?" ಅಂದ ಅವನು.

"ತಿಂತೀನಿ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಪೂರ್ತಿ ತಿಂದು ಪಾತ್ರೆ ತೊಳೆದಿಟ್ಟರೆ ನಾಳೆ ಮೊಸರು ಎಲ್ಲಿಂದ ಬರತ್ತೆ? ಲೋಟ ಹಿಡ್ಕೊಂಡು ಪಕ್ಕದ ಮನೆಗೆ ಹೋಗ್ಬೇಕು. ನಮಗೆ ಪಕ್ಕದ ಮನೆನೂ ಇಲ್ಲ ಸರ್. ಅದಕ್ಕೇ ಒಂದು ಚಮಚ ಹೆಪ್ಪು ತೆಗೆದಿಡೋದು."

ಅಂದಿನಿಂದ ನಮ್ಮಲ್ಲಿ ಬ್ಯಾಕಪ್ ಎಂದವರಿಲ್ಲ. "ಹೆಪ್ಪು ಆಯ್ತಾ?" "ಆಗ್ತಾ ಇದೆ, ಅಲ್ಲಾಡಿಸಬೇಡಿ." ಅವನು ಹೆಪ್ಪಣ್ಣನಾದ. ಕಾಲು ಮಾಡಿಸಿಕೊಳ್ಳಲು ಬರುವವರೂ ಹಾಗೇ ಕರೆಯುತ್ತಿದ್ದರು.

ಅವನು ಮಾಡಿಕೊಂಡ ಕ್ರಮ ಇಷ್ಟು. ದಿನದ ನಕಲು ಒಂದು ಹತ್ತಕ್ಕೆ ಪಕ್ಕದ ಕಂಪ್ಯೂಟರಿಗೆ. ಅದಲ್ಲದೆ ಎರಡು ಡಿಸ್ಕುಗಳು. ಪ್ರತಿ ಶುಕ್ರವಾರ ಒಂದಕ್ಕೆ ಎಲ್ಲವನ್ನೂ ತುಂಬಿ ಮನೆಗೆ ಒಯ್ಯುತ್ತಿದ್ದ, ಮನೆಯಲ್ಲಿದ್ದುದು ಕಾರ್ಯಾಗಾರಕ್ಕೆ ಬರುತ್ತಿತ್ತು. ಹಾಲು ಮೊಸರು ಎರಡನ್ನೂ ಒಂದೇ ಬೆಕ್ಕಿನ ಮುಂದೆ ಇಡಬಾರದು ಎಂದು ನಗುತ್ತಿದ್ದ. ಆದರೆ ಒಯ್ಯುವ ಮೊದಲು ಒಂದು ಕೆಲಸ ಇತ್ತು. "ಒಂದು ನಂಬರ್ ಹೇಳು" ಎಂದು ನನ್ನನ್ನು ಕೇಳುತ್ತಿದ್ದ. ನಾನು ಊಟದ ಜೊತೆ ಓದುತ್ತಿದ್ದ ಪುಸ್ತಕದ ಪುಟಸಂಖ್ಯೆ ಹೇಳುತ್ತಿದ್ದೆ. ಆ ನಂಬರಿನ ಮನುಷ್ಯನ ಕಾಲನ್ನು ಡಿಸ್ಕಿನಿಂದ ಹೊರಗೆ ತೆಗೆದು, ಪರದೆಯ ಮೇಲೆ ತಿರುಗಿಸಿ, ಮೂಲದ ಜೊತೆ ಅಳತೆಗೆ ಅಳತೆ ತಾಳೆ ನೋಡಿ, ಒಂದು ಚೀಟಿಯಲ್ಲಿ ಬರೆಯುತ್ತಿದ್ದ: ತೆಗೆದು ನೋಡಿದೆ, ಸರಿಯಿದೆ.

ಹದಿನೆಂಟು ವರ್ಷದಲ್ಲಿ ಒಂದು ಶುಕ್ರವಾರವೂ ಇದು ತಪ್ಪಲಿಲ್ಲ. ಯಾಕೋ ಇಷ್ಟು, ಯಶಸ್ವಿ ಅಂತ ಬಂತಲ್ಲ, ಎಂದು ಒಮ್ಮೆ ರೇಗಿಸಿದೆ.

"ಹೆಪ್ಪು ಹಾಕ್ದೆ ಅನ್ನೋದು ಒಂದು ಸುದ್ದಿನಾ? ಬೆಳಿಗ್ಗೆ ಮುಚ್ಚಳ ತೆಗೆದು ನೋಡ್ದೆ, ಗಟ್ಟಿಯಾಗಿತ್ತು ಅನ್ನು. ಅದು ಸುದ್ದಿ ಕಣೇ."

ಅವನು ಹೋದ ಮೇಲೆ ಮೂರು ವಾರ ನಾನು ಊಟಕ್ಕೆ ಆ ಕೋಣೆಗೆ ಹೋಗಲಿಲ್ಲ. ಹಸಿರು ದೀಪ ತನ್ನ ಪಾಡಿಗೆ ತಾನು ಮಿಣುಕುತ್ತಿತ್ತು ಅನ್ನಿಸುತ್ತದೆ. ಮೂರನೆಯ ವಾರ ಕಳೆದ ಭಾನುವಾರ, ಕಟ್ಟಡಕ್ಕೆ ಯಾರೂ ಬಾರದ ದಿನ, ಮೇಲಿನ ನೀರಿನ ಪೈಪು ಒಡೆಯಿತು. ಸೋಮವಾರ ಬಾಗಿಲು ತೆಗೆದರೆ ಹೊಸ್ತಿಲಿನವರೆಗೆ ನೀರು. ನೀರು ಸುರಿದದ್ದು ನೇರವಾಗಿ ಆ ಎರಡು ಕಂಪ್ಯೂಟರುಗಳ ಮೇಲೆ. ಅವುಗಳ ಕೆಳಗಿನ ಡ್ರಾಯರಿನಲ್ಲಿದ್ದ ಒಂದು ಡಿಸ್ಕು ಮೀನಿನ ತೊಟ್ಟಿಯಲ್ಲಿದ್ದ ಹಾಗೆ ನೀರಿನಲ್ಲಿ ಮುಳುಗಿತ್ತು. ಡಿಸ್ಕ್ ರಿಪೇರಿಯವನು ಬಂದು ನೋಡಿ, ಮೂರನ್ನೂ ಅಲುಗಾಡಿಸಿ, ತಲೆಯಾಡಿಸಿದ.

"ಇನ್ನೊಂದು ಹೆಪ್ಪು ಅವರ ಮನೇಲಿರತ್ತಲ್ವಾ?" ಅಂದರು ಸೂಪರಿಂಟೆಂಡೆಂಟ್. ಮೊದಲ ಸಲ ಅವರ ಬಾಯಲ್ಲಿ ಆ ಮಾತು ಅಷ್ಟು ಮೆತ್ತಗೆ ಬಂತು. "ಇರತ್ತೆ ತಾನೇ?"

ಸಾವಿರದ ನೂರು ಜನರ ಕಾಲು ಈಗ ಆ ಒಂದು ಡಿಸ್ಕಿನಲ್ಲಿತ್ತು. ನನಗೆ ಅದಕ್ಕಿಂತಲೂ ಹೆಚ್ಚಾಗಿ ಕಾಡಿದ್ದು ಬೇರೆ. ಡಿಸ್ಕು ಸಿಗದೆ ಹೋದರೆ ಜನ, ಹೆಪ್ಪಣ್ಣ ಎರಡನೇ ಸಲವೂ ಕಳೆದ ಅನ್ನುತ್ತಾರೆ. ಮೊದಲನೆಯದು ಅವನು ಕಳೆದದ್ದಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳು. ಈ ಸಲ ಸೈಕಲ್ ಹತ್ತಲು ಅವನೂ ಇರಲಿಲ್ಲ.

ಅವನ ಹೆಂಡತಿಗೆ ಫೋನ್ ಮಾಡಿದೆ. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ಮನೆಯವರಿಗೆ ನಮ್ಮ ಹೆಪ್ಪು ಗಿಪ್ಪು ಅರ್ಥವಾಗದು ಎಂದು, ಬಿಡಿಸಿ ಬಿಡಿಸಿ ಹೇಳಿದೆ. "ಕಂಪ್ಯೂಟರ್ ಡಿಸ್ಕ್ ಅಂತ ಒಂದಿರಬೇಕು ನೋಡಮ್ಮ. ಕಪ್ಪಗೆ, ಅಂಗೈಯಷ್ಟು ಅಗಲ. ಬಟ್ಟೆಯಲ್ಲಿ ಸುತ್ತಿಟ್ಟಿರ್ತಾನೆ."

ಒಂದು ಗಂಟೆಯ ನಂತರ ಅವಳೇ ಫೋನ್ ಮಾಡಿದಳು. ಬೀರು, ಮಂಚದ ಕೆಳಗೆ, ಅಟ್ಟ, ಎಲ್ಲ ಕಡೆ ನೋಡಿದ್ದಳು. "ಅಕ್ಕಾ, ಹೇಳೋಕೇ ಭಯ ಆಗ್ತಿದೆ. ಹೋದ ವಾರ ನನ್ನ ತಮ್ಮ ಬಂದಿದ್ದ. ಇವರ ವೈರು, ಹಳೇ ರೇಡಿಯೋ, ಕ್ಯಾಮೆರಾ, ಕಪ್ಪು ಕಪ್ಪು ಪೆಟ್ಟಿಗೆ ಎಲ್ಲ ನೋಡ್ತಾ ನಾನು ಅಳ್ತೀನಿ ಅಂತ, ಮೂಟೆ ಕಟ್ಟಿ ಗುಜರಿಯವನಿಗೆ ಕೊಟ್ಟುಬಿಟ್ಟ. ಅದರಲ್ಲೇ ಇತ್ತೇನೋ."

ಗುಜರಿ ಅಂಗಡಿಗೆ ಹೋದೆವು. ಆ ಮೂಟೆ ಆಗಲೇ ಲಾರಿ ಹತ್ತಿ ಹೋಗಿತ್ತು.

ಮಂಗಳವಾರ ಕಂಡಕ್ಟರ್ ಬಂದಳು. ಹದಿನೆಂಟು ವರ್ಷದಲ್ಲಿ ಅವಳ ಕೂದಲು ನರೆತಿದೆ, ನಾಲಿಗೆ ನರೆತಿಲ್ಲ. ಬಟ್ಟಲು ಒಂದು ಗೇಣು ಬಿರುಕು ಬಿಟ್ಟಿತ್ತು, ಅದಕ್ಕೆ ಬಸ್ಸಿನ ಹರಿದ ಸೀಟಿಗೆ ಹಚ್ಚುವ ಟೇಪು ಸುತ್ತಿಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟವಳೇ ಒದ್ದೆ ಗೋಡೆ ನೋಡಿದಳು, ಬಿಸಿಲಿಗೆ ಹಾಕಿದ್ದ ಕಂಪ್ಯೂಟರುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಕಳೆದ್ರಾ ಮತ್ತೆ?"

ನಾನು ಅವಳಿಗೆ ಕುರ್ಚಿ ಎಳೆದು ಹಾಕಿದೆ.

"ಮೂರು ತಿಂಗಳು ಅಚ್ಚು ಗಿಚ್ಚು ಅಂತ ಕೂತರೆ ನನ್ನನ್ನ ಡಿಪೋ ಒಳಗೆ ಕೂರಿಸ್ತಾರೆ. ಒಂದ್ಸಲ ಕೂರಿಸಿದ್ರೆ ಮತ್ತೆ ಬಸ್ ಹತ್ತಿಸಲ್ಲ, ನನಗೆ ಇನ್ನಿರೋದೇ ಎರಡು ವರ್ಷ." ಬೈಯಲು ಬಾಯಿ ತೆರೆದವಳು ಬೇರೆಯೇ ಹೇಳಿದಳು. "ಹೆಪ್ಪಣ್ಣ ಇದ್ದಿದ್ರೆ ಬೈಯ್ಯೋಕಾದ್ರೂ ಚೆನ್ನಾಗಿತ್ತು. ಇವತ್ತು ಯಾರನ್ನ ಬೈಯ್ಯಲಿ?"

ಬುಧವಾರ ನಾನು ಅವನ ಮನೆಗೆ ಹೋದೆ. ಇನ್ನೊಂದು ಸಲ ನನ್ನ ಕಣ್ಣಿಂದಲೇ ಹುಡುಕಬೇಕು ಎಂದು. ಎರಡು ಕೋಣೆ, ಒಂದು ಅಡುಗೆಮನೆ. ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಅವನ ಬೀರುವಿನಲ್ಲಿ ಅಂಗಿಗಳು ಮಡಿಸಿದ ಹಾಗೇ ಇದ್ದವು. ಹೆಂಡತಿ ಟೀ ಕಾಸಲು ಎದ್ದಳು. ಅವನ ತಾಯಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದರು. ಬೇರೆ ಕಡೆ ಇದ್ದವರು, ಮಗ ಹೋದ ದಿನದಿಂದ ಈ ಮನೆಯಲ್ಲೇ ಇದ್ದಾರೆ. ಮುರಿದ ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ನಾನು ಪಕ್ಕದಲ್ಲಿ ಕೂತಾಗ ಮೊಣಕೈ ಹಿಡಿದು ಮೆಲ್ಲಗೆ ಕೇಳಿದರು:

"ನೀನು ತುಂಬಾ ಓದಿದೋಳಂತೆ. ಒಂದು ವಿಷಯ ಹೇಳು. ಹೆಪ್ಪು ಎಷ್ಟು ದಿನ ಇಟ್ಟರೆ ಕೆಡತ್ತೆ?"

"ಯಾವ ಹೆಪ್ಪು ಅಮ್ಮಾ?"

"ಅದೇ, ಅವನಿಟ್ಟಿದ್ದು."

ಒಲೆಯ ಮುಂದಿನಿಂದ ಹೆಂಡತಿ ತಿರುಗಿ ನೋಡದೆಯೇ, "ಅತ್ತೆ, ಸಾಕು ಬಿಡಿ. ಅಕ್ಕನಿಗೂ ಅದನ್ನೇ ಹೇಳ್ಬೇಕಾ?" ಅಂದಳು. ಆಮೇಲೆ ನನಗೆ, "ಫ್ರಿಜ್ಜಲ್ಲಿ ಒಂದು ಡಬ್ಬಿ ಇದೆ ಅಕ್ಕಾ. ಮೂರು ವಾರದ ಹುಳಿ ಮೊಸರು. ಎಸೀತೀನಿ ಅಂದ್ರೆ ಬಿಡಲ್ಲ."

"ಹೇಗೆ ಬಿಡ್ಲಿ? ಮುಟ್ಟಬೇಡಿ ಅಂತ ಬರೆದಿದಾನೆ ನನ್ನ ಮಗ. ಕನ್ನಡಕ ಇಲ್ದೇನೂ ಕಾಣತ್ತೆ, ಅಷ್ಟು ದಪ್ಪಕ್ಷರ. ಮೂರನೇ ದಿನ ನೋಡ್ತೀನಿ, ಬೀರು ಮೇಲೆ ಹಿಂದುಗಡೆ ಇಟ್ಟುಬಿಟ್ಟಿದಾನೆ. ಹೊರಗಿದ್ರೆ ಹುಳಿ ಬರಲ್ವಾ? ಅದಕ್ಕೇ ಒಳಗಿಟ್ಟೆ. ಅವನು ಕೊನೇಲಿ ಬರೆದಿದ್ದೇ ಅದು, ಎಸೆಯೋಕಾಗತ್ತಾ?"

ನಾನೇ ಎದ್ದು ಫ್ರಿಜ್ಜಿನ ಬಾಗಿಲು ತೆಗೆದೆ. ಕೆಳಗಿನ ತಟ್ಟೆಯಲ್ಲಿ, ಹಿಂದುಗಡೆ, ಒಂದು ಸ್ಟೀಲ್ ಡಬ್ಬಿ. ಪಕ್ಕದಲ್ಲಿ ಅಂಟಿಸಿದ ಕಾಗದದ ಮೇಲೆ ದಪ್ಪ ಮಾರ್ಕರಿನಲ್ಲಿ, ಅವನ ದುಂಡು ಅಕ್ಷರದಲ್ಲಿ: 'ಹೆಪ್ಪು. ಮುಟ್ಟಬೇಡಿ.' ಅದರ ಕೆಳಗೆ ಪೆನ್ನಿನಿಂದ ಬರೆದ ಎರಡು ಸಣ್ಣ ಸಾಲು ತೇವಕ್ಕೆ ಕದಡಿ ನೀಲಿ ಮೋಡವಾಗಿತ್ತು.

ಈ ಡಬ್ಬಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ನಿಜವಾದ ಹೆಪ್ಪೇ ಇರಬಹುದು. ಇಲ್ಲದೆಯೂ ಇರಬಹುದು. ನಾನು ಡಿಸ್ಕು ಡಿಸ್ಕು ಎಂದು ಬಿಡಿಸಿ ಹೇಳುವ ಬದಲು, ದಿನ ಬೆಳಗಾದರೆ ಆಡುತ್ತಿದ್ದ ಮಾತನ್ನೇ ಆಡಿದ್ದರೆ ಸೋಮವಾರವೇ ಇಲ್ಲಿಗೆ ಬಂದು ನಿಲ್ಲುತ್ತಿದ್ದೆ. ಡಬ್ಬಿಯನ್ನು ಎತ್ತಿ ಸ್ವಲ್ಪವೇ ಓರೆ ಮಾಡಿದೆ. ಒಳಗೆ ಮೆತ್ತಗೆ ಏನೋ ಸರಿಯಿತು. ಮೊಸರು ಸರಿಯುವ ಹಾಗಲ್ಲ. ಹಾಗೂ ಇರಬಹುದೇನೋ, ಮೂರು ವಾರದ್ದಾದರೆ.

ನಗು ಬಂತು. ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಸುರಿಯಿತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವನನ್ನ ಆಫೀಸಲ್ಲಿ ಹೆಪ್ಪಣ್ಣ ಅಂತಿದ್ವಲ್ಲ, ಯಾಕೆ ಗೊತ್ತಾ?" ಎಂದು ಕೇಳಿದೆ.

"ಇವರಿಗೆ ಮೊಸರಂದ್ರೆ ಪ್ರಾಣ, ಅದಕ್ಕೇ ಅಂದ್ಕೊಂಡಿದ್ದೆ" ಅಂದಳು ಹೆಂಡತಿ.

ಮುಚ್ಚಳಕ್ಕೆ ಕೈ ಹಾಕಿದವಳು ನಿಲ್ಲಿಸಿ, ಡಿಸ್ಕ್ ರಿಪೇರಿಯವನಿಗೆ ಫೋನ್ ಮಾಡಿದೆ.

"ಎಷ್ಟು ಹೊತ್ತಿಂದ ಫ್ರಿಜ್ಜಲ್ಲಿದೆ ಮೇಡಂ?"

"ಮೂರು ವಾರದಿಂದ."

"ಫ್ರಿಜ್ಜಲ್ಲಿ ಯಾಕೆ ಇಟ್ರಿ?"

"ಹುಳಿ ಬರಬಾರದು ಅಂತ."

ಅವನು ಅದರ ಗೊಡವೆಗೆ ಹೋಗಲಿಲ್ಲ. ಡಬ್ಬಿ ತೆಗೆಯಲೇಬೇಡಿ ಅಂದ. ತಣ್ಣಗಿರುವುದನ್ನು ಒಮ್ಮೆಲೇ ಬಿಚ್ಚಿದರೆ ಗಾಳಿ ತಾಗಿ ಬೆವರುತ್ತದೆ, ಬೆವರಿದರೆ ಕೆಟ್ಟ ಹಾಗೆಯೇ. ಮುಚ್ಚಳ ಹಾಕಿದ ಹಾಗೇ ಮೇಜಿನ ಮೇಲಿಟ್ಟು, ಡಬ್ಬಿ ಮುಟ್ಟಿದರೆ ತಣ್ಣಗಿಲ್ಲ ಅನ್ನುವವರೆಗೆ ಕಾಯಬೇಕು. ನಾಲ್ಕು ಗಂಟೆಯಾದರೂ ಬೇಕು.

ಹಾಗೆ ನಾವು ಮೂವರು ಹೆಂಗಸರು ಒಂದು ಡಬ್ಬಿಯನ್ನು ನಡುವೆ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತೆವು. ಅದರ ಮೈಮೇಲೆ ಮೊದಲು ಮಂಜು ಕಟ್ಟಿತು, ಆಮೇಲೆ ಹನಿ ಇಳಿಯಿತು. ತಾಯಿ ಸೆರಗಿನ ತುದಿಯಿಂದ ಅಕ್ಷರ ಬಿಟ್ಟು ಉಳಿದ ಕಡೆ ಒರೆಸುತ್ತಿದ್ದರು.

"ನೀನು ಹೇಳೋ ಹಾಗೆ ಅದೇ ಇದ್ದರೆ ಸರಿ. ಮೊಸರೇ ಇದ್ದರೆ?"

"ಮೊಸರಿದ್ದರೆ ನಾನು ತಿಂತೀನಿ ಅಮ್ಮಾ."

"ತಿನ್ನಬೇಡ, ಹೊಟ್ಟೆ ಕೆಡತ್ತೆ."

ಕಾಯುವುದಕ್ಕೆ ಮಾತು ಬೇಕಲ್ಲ. ನಲವತ್ತೆರಡು ಮನೆಗಳ ಕಥೆ ಹೇಳಿದೆ. 'ಅಚು' ತಿದ್ದಿದವಳು ನಾನು ಎಂಬುದನ್ನೂ ಹೇಳಿದೆ. ಹದಿನೆಂಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೆಂಡತಿ ಖಾಲಿ ಟೀ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಆ ವರ್ಷ ದಿನಾ ಸಂಜೆ ಸೈಕಲ್ ತಗೊಂಡು ಹೋಗೋರು. ಎಲ್ಲಿಗೆ ಅಂದ್ರೆ, ಹೊಟ್ಟೆ ಕರಗಿಸ್ತಿದ್ದೀನಿ ಅನ್ನೋರು. ಎರಡು ತಿಂಗಳಾದ್ರೂ ಹೊಟ್ಟೆ ಹಾಗೇ ಇತ್ತು. ನಾನು ಎಷ್ಟು ಆಡ್ಕೊಂಡು ನಕ್ಕಿದ್ದೆ ಗೊತ್ತಾ ಅಕ್ಕಾ?"

"ಅವನೂ ನಕ್ಕಿರ್ತಾನೆ ಬಿಡು" ಅಂದರು ತಾಯಿ.

ಐದು ಗಂಟೆ ಹೊತ್ತಿಗೆ ತಾಯಿ ಡಬ್ಬಿಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ಹಿಡಿದು, "ತೆಗಿ" ಅಂದರು. ಮುಚ್ಚಳ ಬಿಗಿಯಾಗಿತ್ತು. ಚಮಚದ ಹಿಡಿ ಕೊಟ್ಟು ಎಬ್ಬಿಸಿದೆ. ಒಳಗೆ ನೀಲಿ ಬಟ್ಟೆಯ ಗಂಟು.

"ಅಯ್ಯೋ, ನನ್ನ ಅಂಗಿ ತೋಳು!" ಎಂದಳು ಹೆಂಡತಿ. ಅವಳು ಅವನಿಗೆ ಹೊಲಿದು ಕೊಟ್ಟಿದ್ದ ಅಂಗಿಯದ್ದು. ಒಂದು ತೋಳು ಎಲ್ಲಿ ಹೋಯಿತು ಎಂದು ಅವಳು ಜಗಳ ಮಾಡಿದ್ದಳಂತೆ, ಇಸ್ತ್ರಿಯವನು ಸುಟ್ಟ ಎಂದು ಅವನು ಹೇಳಿದ್ದನಂತೆ. ತೋಳಿನೊಳಗೆ ಕಪ್ಪು ಡಿಸ್ಕು. ಒಣಗಿತ್ತು, ಒಂದು ಹನಿಯೂ ಇರಲಿಲ್ಲ. ಅದರ ಜೊತೆ ರಬ್ಬರ್ ಹಾಕಿದ ಚೀಟಿಗಳ ಕಟ್ಟು. ಮೇಲಿನದು ಅವನು ತೀರಿಕೊಳ್ಳುವ ಹಿಂದಿನ ದಿನದ್ದು: 'ಶುಕ್ರವಾರ. ನಂ. ೩೧೭. ತೆಗೆದು ನೋಡಿದೆ. ಸರಿಯಿದೆ.'

ಮುನ್ನೂರ ಹದಿನೇಳನೆಯ ಪುಟ ನನಗೆ ನೆನಪಿತ್ತು. ಆ ಪುಸ್ತಕವನ್ನು ಆಮೇಲೆ ಮುಂದಕ್ಕೆ ಓದಿರಲಿಲ್ಲ.

ಆ ಚೀಟಿ ಕಂಡಾಗಲೇ ನನಗೆ ಅರ್ಧ ಉಸಿರು ಬಂತು. ಉಳಿದರ್ಧ ಗುರುವಾರ, ರಿಪೇರಿಯವನು ತನ್ನ ಕಂಪ್ಯೂಟರಿಗೆ ಡಿಸ್ಕನ್ನು ಹಚ್ಚಿದ ಮೇಲೆ. ಮೊದಲು ಒಂದು ಸಣ್ಣ ಗುರುಗುಟ್ಟುವ ಸದ್ದು. ಆಮೇಲೆ ಪರದೆಯ ತುಂಬ ನಂಬರುಗಳು ಸಾಲಾಗಿ ಇಳಿಯತೊಡಗಿದವು. ಸೂಪರಿಂಟೆಂಡೆಂಟ್ ಪಕ್ಕದ ಕುರ್ಚಿಗೆ ಕುಸಿದು ಕೂತು ಟವಲಿನಿಂದ ಕುತ್ತಿಗೆ ಒರೆಸಿಕೊಂಡರು. "ಇದೆಯಲ್ಲ ಸದ್ಯ" ಅಂದರು. ನಾನು, "ತೆಗೆದು ನೋಡೋಣ ಸರ್" ಅಂದೆ. ಕಂಡಕ್ಟರ್ ಹೆಂಗಸಿನ ನಂಬರ್ ಒತ್ತಿದೆ. ಅವಳ ಕಾಲು ಬೂದು ಬಣ್ಣದಲ್ಲಿ ಪರದೆಯ ಮೇಲೆ ಎದ್ದು ನಿಂತಿತು. ಮಂಡಿಯ ಕೆಳಗೆ ಎಡಕ್ಕೆ ನಾನು ಉಜ್ಜಿದ್ದ ತಗ್ಗು ಕೂಡ ಹಾಗೇ ಇತ್ತು. ಅವನು ತೀರಿಕೊಂಡ ಮೇಲೆ ಬಂದಿದ್ದ ನಾಲ್ವರ ಆಕಾರ ಮಾತ್ರ ಅದರಲ್ಲಿ ಇರಲಿಲ್ಲ. ಅದಕ್ಕೂ ದಾರಿಯಿತ್ತು. ಆ ದಿನಗಳಲ್ಲಿ ಏನನ್ನೂ ಒಡೆಯಲು ಮನಸ್ಸು ಬಾರದೆ, ಆ ನಾಲ್ಕು ಅಚ್ಚುಗಳನ್ನು ನನ್ನ ಮೇಜಿನ ಕೆಳಗೇ ಬಿಟ್ಟಿದ್ದೆ.

ಯೋಚಿಸಿ ನೋಡಿದರೆ, ಡಬ್ಬಿಯ ಮೇಲೆ 'ಡಿಸ್ಕ್' ಎಂದು ಬರೆದಿದ್ದರೆ ಅದು ಭಾವಮೈದನ ಮೂಟೆಯಲ್ಲಿ ಗುಜರಿಗೆ ಹೋಗುತ್ತಿತ್ತು. ತಾಯಿಯ ಕನ್ನಡಕ ಸರಿಯಿದ್ದಿದ್ದರೆ ಅವರು ಕದಡಿಹೋದ ಆ ಸಣ್ಣ ಅಕ್ಷರವನ್ನೂ ಮೊದಲೇ ಓದಿ, ಅಲ್ಲಿ ಕಾರ್ಯಾಗಾರದ ವಿಳಾಸವೇ ಇದ್ದಿರಬೇಕು, ಆಫೀಸಿನದ್ದು ಎಂದು ಪಕ್ಕಕ್ಕೆ ತೆಗೆದಿಡುತ್ತಿದ್ದರು. ಅಲ್ಲಿಂದ ಮೂಟೆಗೆ ದೂರವಿರಲಿಲ್ಲ. ಇದನ್ನೆಲ್ಲ ಅವನಿಗೆ ಹೇಳಬೇಕು ಅನ್ನಿಸಿ, ಒಂದು ಹತ್ತಕ್ಕೆ ಬುತ್ತಿ ತೆಗೆದುಕೊಂಡು ಆ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತುಬಿಟ್ಟೆ. ಮತ್ತೆ ಒಳಗೆ ಹೋಗಿ ಅಲ್ಲೇ ಕೂತು ಉಂಡೆ.

ಕಂಡಕ್ಟರಿಗೆ ಎಂಟನೆಯ ದಿನ ಹೊಸ ಬಟ್ಟಲು ಸಿದ್ಧವಾಯಿತು. ಹಾಕಿಕೊಂಡು ಇಳಿಜಾರು ಮೂಲೆಯವರೆಗೆ ಹೋಗಿ ತಿರುಗಿ ಬಂದಳು. ಒಂದು ಸಲ ಎರಡೂ ಕೈ ಬಿಟ್ಟು, ಬಸ್ಸು ಬ್ರೇಕ್ ಹಾಕಿದಾಗ ನಿಲ್ಲುವ ಹಾಗೆ ನಿಂತು ನೋಡಿದಳು.

"ಚುಚ್ಚುತ್ತಾ?"

"ಇಲ್ಲ." ಬಾಗಿಲವರೆಗೆ ಹೋದವಳು ನಿಂತಳು. "ಫ್ರಿಜ್ಜಲ್ಲಿಟ್ಟಿದ್ರಂತೆ ನನ್ನ ಕಾಲನ್ನ?"

"ಹೌದು."

"ಅದಕ್ಕೇ ಇಷ್ಟು ತಾಜಾ ಇದೆ" ಎಂದು ಹೇಳಿ ಹೋದಳು. ಆಮೇಲೆ ಬಾಗಿಲಾಚೆಯಿಂದ, ಯಾರಿಗೆ ಎಂದು ಹೇಳದೆ, "ಬದುಕಿಸಿದ್ರಿ ಮಾರಾಯ್ರೇ" ಎನ್ನುವುದು ಕೇಳಿಸಿತು.

ಹೆಪ್ಪಿನ ಕೆಲಸ ಈಗ ನನ್ನದು. ಡಿಸ್ಕುಗಳು ಹೊಸವು, ಕಂಪ್ಯೂಟರುಗಳನ್ನು ಪೈಪಿಲ್ಲದ ಗೋಡೆಯ ಬದಿಗೆ ಸರಿಸಿದ್ದೇವೆ. ಡಬ್ಬಿ ಮಾತ್ರ ಹಳೆಯದೇ. ಮನೆಯ ಹೆಪ್ಪು ಇನ್ನೆಲ್ಲಿಡಲಿ ಎಂದು ಕೇಳಿದ್ದಕ್ಕೆ ತಾಯಿ, "ಇಷ್ಟು ದಿನ ಎಲ್ಲಿತ್ತೋ ಅಲ್ಲೇ ಇರಲಿ" ಅಂದರು. ಹಾಗಾಗಿ ಪ್ರತಿ ಶುಕ್ರವಾರ ಸಂಜೆ ಅವರ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆಯುವಾಗಲೇ, "ಹೆಪ್ಪು ತಂದ್ಯಾ?" ಎಂದು ಕೇಳುತ್ತಾರೆ. ಕನ್ನಡಕಕ್ಕೆ ಹೊಸ ಕಡ್ಡಿ ಹಾಕಿಸಿದ್ದೇವೆ. ಡಬ್ಬಿಯ ಮೇಲೆ ನಾನು ಮತ್ತೆ ಬರೆದ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ, ತಪ್ಪೇನೂ ಇಲ್ಲ ಎಂದು ಖಾತರಿ ಮಾಡಿಕೊಂಡ ಮೇಲೆ ಬೀರುವಿನ ಮೇಲೆ ಇಡುತ್ತಾರೆ. ಫ್ರಿಜ್ಜಿನಲ್ಲಿ ಅಲ್ಲ.

ಹೊರಡುವ ಮೊದಲು ಮುಂದಿನ ವಾರಕ್ಕೆ ಒಂದು ನಂಬರ್ ಹೇಳಿ ಎಂದು ಅವರನ್ನು ಕೇಳುತ್ತೇನೆ. ಅವರು ಬಹಳ ಯೋಚಿಸಿ ಹೇಳುತ್ತಾರೆ. ಮುಂದಿನ ಶುಕ್ರವಾರ ಟೀ ಕುಡಿಯುವಾಗ ಮರೆಯದೆ ವಿಚಾರಿಸುತ್ತಾರೆ.

"ಆ ಇನ್ನೂರ ಹದಿನಾಲ್ಕು ಯಾರು? ತೆಗೆದು ನೋಡಿದ್ಯಾ?"

"ನೋಡ್ದೆ ಅಮ್ಮಾ. ಒಬ್ಬರು ಟೈಲರ್. ಸರಿಯಿದೆ."

"ಸದ್ಯ" ಅನ್ನುತ್ತಾರೆ, ಇನ್ನೊಂದು ನಂಬರ್ ಯೋಚಿಸತೊಡಗುತ್ತಾರೆ.